ಗುರುಶಾಂತಮ್ಮನವರ ಗುಂಡಿ ಫೋನು

ತುರುವೇಕೆರೆಯ ಬಸ್ ಸ್ಟ್ಯಾಂಡ್ ಹಿಂದಿನ ರಸ್ತೆಯಲ್ಲಿ ಗುರುಶಾಂತಮ್ಮನವರು ಬಹಳ ವರ್ಷ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದರು. ಸುತ್ತಮುತ್ತಲಿನ ಗುಮಾಸ್ತರಲ್ಲಿ ಅನೇಕರು ಅವರ ಕೈಯಲ್ಲಿ, ಅಂದರೆ ಅವರ ಕೈಯಲ್ಲಿದ್ದ ಮರದ ಸ್ಕೇಲಿನಲ್ಲಿ, ಪಳಗಿದವರು. ಕೀ ನೋಡಿಕೊಂಡು ಹೊಡೆದರೆ ಒಂದು ಏಟು, ಮಹಾಪ್ರಾಣ ಬಿಟ್ಟರೆ ಎರಡು. ಆ ಶಿಷ್ಯರು ಈಗಲೂ ದಾರಿಯಲ್ಲಿ ಅವರನ್ನು ಕಂಡರೆ ಕೈ ಮುಗಿಯುತ್ತಾರೆ. ಅದು ಗೌರವವೋ, ಬೆರಳು ಕಾಪಾಡಿಕೊಳ್ಳುವ ಉಪಾಯವೋ ಹೇಳುವುದು ಕಷ್ಟ.

ಕಂಪ್ಯೂಟರ್ ಬಂತು, ಇನ್‌ಸ್ಟಿಟ್ಯೂಟ್ ಮುಚ್ಚಿತು, ಯಂತ್ರಗಳು ಗುಜರಿಗೆ ಹೋದವು. ತಿದ್ದುವ ಅಭ್ಯಾಸವನ್ನು ಮಾತ್ರ ಯಾವ ಗುಜರಿಯವನೂ ಕೊಳ್ಳಲಿಲ್ಲ. ಅದು ಮನೆಯಲ್ಲೇ ಉಳಿಯಿತು. ಅವರ ಯಜಮಾನರು ಹಾಲಸ್ವಾಮಿ ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡಿಕೊಂಡಿದ್ದವರು. ಬಾಯಿ ಬಿಟ್ಟರೆ ತಪ್ಪು ಸಿಗುತ್ತದೆ ಎಂಬ ಸತ್ಯವನ್ನು ಮದುವೆಯಾದ ಹೊಸತರಲ್ಲೇ ಕಂಡುಕೊಂಡು, ಅಂದಿನಿಂದ ತಲೆಯಾಡಿಸಿಯೇ ಸಂಸಾರ ಸಾಗಿಸಿದ ಜಾಣರು.

ಎಲ್ಲರಂತೆ ಗುರುಶಾಂತಮ್ಮನವರ ಕೈಗೂ ಒಂದು ಟಚ್ ಫೋನ್ ಬಂತು. ಅವರ ಬೆರಳುಗಳಿಗೆ ಗೊತ್ತಿದ್ದದ್ದು ಹೊಡೆಯುವುದು, ಸವರುವುದಲ್ಲ. ಒಂದು ಅಕ್ಷರ ಒತ್ತಿದರೆ ಪಕ್ಕದ್ದು ಏಳುತ್ತಿತ್ತು. ಅದರ ಮೇಲೆ ಫೋನೇ ಪದಗಳನ್ನು ಸೂಚಿಸಿ ಉಪಕಾರ ಬೇರೆ ಮಾಡುತ್ತಿತ್ತು. ಹಂದನಕೆರೆಯ ಗೆಳತಿ ಕಲ್ಲಮ್ಮನ ಅತ್ತೆ ತೀರಿಕೊಂಡಾಗ ಇವರು ಸಂತಾಪ ಎಂದು ಬರೆಯಹೊರಟರು. ಫೋನು ಮುಂದೆ ಬಂದು ಸಹಾಯ ಮಾಡಿ, "ವಿಷಯ ತಿಳಿದು ತುಂಬಾ ಸಂತೋಷವಾಯಿತು" ಎಂದು ಕಳಿಸಿಯೇ ಬಿಟ್ಟಿತು. ಕಲ್ಲಮ್ಮ ಕೈ ಮುಗಿಯುವ ಚಿತ್ರ ಕಳಿಸಿದಳು. ಆ ಅತ್ತೆಯ ಜೊತೆ ಆಕೆ ಪಟ್ಟ ಪಾಡು ಬಲ್ಲವರು, ಫೋನು ಬರೆದದ್ದರಲ್ಲಿ ಅಂಥ ತಪ್ಪೇನೂ ಇಲ್ಲ ಎಂದರು.

ಅಂದಿನಿಂದ ಗುರುಶಾಂತಮ್ಮ ಬರೆಯುವುದನ್ನೇ ಬಿಟ್ಟರು. ತವರಿನವರ ವಾಟ್ಸಾಪ್ ಗುಂಪು 'ಮಾಯಸಂದ್ರ ಮನೆತನ'ದಲ್ಲಿ ಯಾರು ಏನು ಹಾಕಿದರೂ ಹೆಬ್ಬೆಟ್ಟಿನ ಗುರುತು ಒತ್ತಿ ಸುಮ್ಮನಾಗುತ್ತಿದ್ದರು. ಟೈಪಿಂಗ್ ಮೇಡಂ ಕೊನೆಗೆ ಹೆಬ್ಬೆಟ್ಟಾದರು ಎಂದು ಯಾರೋ ನಕ್ಕರು. ವಯಸ್ಸಾದ ಮೇಲೆ ಅಕ್ಕ ತುಂಬಾ ಸೌಮ್ಯವಾದಳು ಎಂದು ತಮ್ಮ ಶಿವರಾಜು ಹೆಮ್ಮೆಪಟ್ಟ.

ಈ ಶಾಂತಿಯನ್ನು ಕೆಡಿಸಿದ್ದು ಶಿವರಾಜುವಿನ ಮಗ ಯೋಗೀಶ್. ತಿಪಟೂರಿನಲ್ಲಿ ಅವನದು ಮೊಬೈಲ್ ಅಂಗಡಿ. ಯಾರೋ ಏಜೆಂಟನ ಮಾತು ಕೇಳಿ, ಪರದೆಯ ಕೆಳಗೆ ನಿಜವಾದ ಗುಂಡಿಗಳಿರುವ ಹೊಸ ಮಾದರಿಯ ಸ್ಮಾರ್ಟ್‌ಫೋನ್ ಒಂದನ್ನು ತರಿಸಿದ್ದ. ನೋಡಿದ ಗಿರಾಕಿಗಳೆಲ್ಲ ಇದು ಕ್ಯಾಲ್ಕುಲೇಟರಾ ಎಂದು ಕೇಳಿ ಹೋಗುತ್ತಿದ್ದರು. ಧೂಳು ಒರೆಸಿ ಒರೆಸಿ ಸಾಕಾದ ಮೇಲೆ ಅವನಿಗೆ ಸೋದರತ್ತೆಯ ಮೇಲೆ ಅಪಾರ ಪ್ರೀತಿ ಹುಟ್ಟಿತು. ಬಣ್ಣದ ಕಾಗದ ಸುತ್ತಿಕೊಂಡು ತುರುವೇಕೆರೆಗೆ ಬಂದ.

"ಅತ್ತೆ, ನಿಮಗೋಸ್ಕರಾನೇ ತರಿಸಿದ್ದು. ಅಂಗಡೀಲಿ ಎಷ್ಟ್ ಜನ ಕೇಳಿದ್ರೂ ಕೊಡ್ಲಿಲ್ಲ."

ಗುರುಶಾಂತಮ್ಮ ಕನ್ನಡಕ ಹಾಕಿಕೊಂಡು ಫೋನನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಕೀ ಏನ್ಲಾ ಇಷ್ಟಿಷ್ಟೇ ಅವೆ? ಕೋಸಂಬರಿಗೆ ನೆನೆಹಾಕಿದ ಹೆಸರುಬೇಳೆ ಇದ್ದಂಗೆ."

"ಅಭ್ಯಾಸ ಆಯ್ತದೆ ಬುಡಿ ಅತ್ತೆ."

"ಕನ್ನಡ ಎಲ್ಲೈತೆ?"

"ಇಂಗ್ಲಿಷ್‌ನಲ್ಲಿ ಹೊಡೀರಿ, ಅದೇ ಕನ್ನಡ ಮಾಡ್ಕೊತದೆ."

"ಅಂದ್ರೆ ಇಲ್ಲಿಂದ ತಿಪಟೂರಿಗೆ ಬೆಂಗಳೂರು ಸುತ್ಕಂಡು ಹೋಗು ಅಂತೀಯ."

ಪರದೆ ಅಂಗೈಯ ಅರ್ಧದಷ್ಟೂ ಇರಲಿಲ್ಲ. ವಿಡಿಯೋ ಹಾಕಿದರೆ ಮನುಷ್ಯರು ಇರುವೆಗಳಂತೆ ಕಂಡರು. ಫೋಟೋ ತೆಗೆದರೆ ಹಾಲಸ್ವಾಮಿಯವರು ಹೊಗೆಯಲ್ಲಿ ನಿಂತಂತೆ ಬಂದರು. ಇದರಿಂದ ಕಣ್ಣಿಗೆ ಆಯಾಸ ಕಡಿಮೆ ಎಂದು ಯೋಗೀಶ್ ವಿವರಿಸಿದ. ಹೋಗುವಾಗ ಹೊಸ ಫೋನಿನ ಜೊತೆ ಹಳೆಯದನ್ನು ಮನೆಯಲ್ಲಿಟ್ಟುಕೊಂಡರೆ ಗೊಂದಲ ಎಂದು ಟಚ್ ಫೋನನ್ನು ಜೇಬಿಗೆ ಹಾಕಿಕೊಂಡ. ಅದು ಮಾರನೆಯ ದಿನವೇ ಮಾರಾಟವಾಯಿತಂತೆ.

ಅವನು ಹೋದ ಮೇಲೆ ಗುರುಶಾಂತಮ್ಮ ಫೋನನ್ನು ಮೇಜಿನ ಮೇಲಿಟ್ಟು, ಬೆನ್ನು ನೆಟ್ಟಗೆ ಮಾಡಿ, ಹತ್ತೂ ಬೆರಳನ್ನು ಅದರ ಮೇಲೆ ಇಳಿಸಲು ನೋಡಿದರು. ಎರಡು ಹೆಬ್ಬೆರಳಿಗೆ ಮಾತ್ರ ಜಾಗ ಸಿಕ್ಕಿತು. ಮಿಕ್ಕ ಎಂಟು ಪಿಂಚಣಿಯಿಲ್ಲದೆ ನಿವೃತ್ತವಾದವು. ಆದರೂ ಒತ್ತಿದಾಗ ಗುಂಡಿ ಒಳಗೆ ಹೋಗಿ ಟಿಕ್ಕೆಂದು ಮೇಲೆ ಬಂತು. ಒತ್ತಿದ್ದು ಒತ್ತಿದ ಹಾಗೇ ಮೂಡಿತು. ಅವರು ಮತ್ತೆ ಒತ್ತಿದರು. ಗಂಡ ಊಟಕ್ಕೆ ಕೂಗುವವರೆಗೆ ಸುಮ್ಮನೆ ಒತ್ತುತ್ತಲೇ ಇದ್ದರು. ಅವರ ಮುಖದಲ್ಲಿದ್ದ ಸಂತೋಷ ಈ ಸಲ ಫೋನು ಸೂಚಿಸಿದ್ದಾಗಿರಲಿಲ್ಲ.

ಪರಿಣಾಮ ಮಾರನೆಯ ಬೆಳಗ್ಗೆಯೇ ಮನೆತನದ ಮೇಲಾಯಿತು. ಹೂವಿನ ಚಿತ್ರದ ಜೊತೆ "ಶುಬೋದಯ" ಎಂದು ಬರೆದ ಶಿವರಾಜುವಿಗೆ, "ಭ. ಮಹಾಪ್ರಾಣ" ಎಂದು ಉತ್ತರ ಹೋಯಿತು. ಯೋಗೀಶ್ ತನ್ನ ಅಂಗಡಿಯ "ಹೊಸ ಶಾಕೆ" ತೆರೆಯುವ ಸುದ್ದಿ ಹಾಕಿದ. "ಶಾಖೆ. ಬೋರ್ಡು ಬರೆಸುವ ಮುಂಚೆ ನನಗೆ ತೋರಿಸು" ಎಂದು ಬಂತು. ಬೋರ್ಡು ಆಗಲೇ ಗೋಡೆ ಹತ್ತಿ ಕೂತಿತ್ತು. ದೊಡ್ಡಪ್ಪನ ಮಗನೊಬ್ಬ ತೆಂಗಿನಹೂ ತಿಂದರೆ ಮಂಡಿನೋವು ಮಾಯ ಎಂಬ ಉದ್ದನೆಯ ಸಂದೇಶ ರವಾನಿಸಿದ. "ಕಾಗುಣಿತದ ತಪ್ಪು ಎಣಿಸುವುದನ್ನು ಅರ್ಧಕ್ಕೇ ಬಿಟ್ಟೆ. ನಮ್ಮ ಕಡೆ ತೆಂಗಿಗೂ ಬರವಿಲ್ಲ, ಮಂಡಿನೋವಿಗೂ ಬರವಿಲ್ಲ" ಎಂದು ಗುರುಶಾಂತಮ್ಮ ಬರೆದರು. ಪೂರ್ಣವಿರಾಮ ಸಹಿತ.

ಕೆಲವೇ ವಾರಗಳಲ್ಲಿ ಗುಂಪು ನಿಶ್ಶಬ್ದವಾಯಿತು. ಶುಭೋದಯವೂ ಇಲ್ಲ, ಶುಭರಾತ್ರಿಯೂ ಇಲ್ಲ.

"ನೋಡಿದ್ರಾ," ಎಂದರು ಗಂಡನಿಗೆ. "ಎಲ್ಲಾರೂ ತಪ್ಪು ಬರೆಯೋದು ನಿಲ್ಸವ್ರೆ. ಭಯ ಇದ್ರೆ ಭಾಷೆ ಉಳೀತದೆ ಕಣ್ರೀ."

ಹಾಲಸ್ವಾಮಿ ತಲೆಯಾಡಿಸಿದರು.

ಒಂದು ಭಾನುವಾರ ಮಧ್ಯಾಹ್ನ ಇಬ್ಬರೂ ಮುದ್ದೆ ಉಣ್ಣುತ್ತಿದ್ದಾಗ ಹಾಲಸ್ವಾಮಿಯವರ ಫೋನು ಮೇಲಿಂದ ಮೇಲೆ ಸದ್ದು ಮಾಡತೊಡಗಿತು. ಪಕ್ಕದಲ್ಲೇ ಇದ್ದ ಗುರುಶಾಂತಮ್ಮನವರ ಫೋನು ಕಲ್ಲಿನಂತೆ ಬಿದ್ದಿತ್ತು.

"ಏನ್ರೀ ಅದು?"

"ಕೊಬ್ಬರಿ ರೇಟು ಬತ್ತಾ ಅದೆ ಕಣೇ."

"ಭಾನುವಾರ ಯಾವ ಹರಾಜು?"

ಮೂವತ್ತು ವರ್ಷಕ್ಕೊಮ್ಮೆ ಹೇಳುವ ಸುಳ್ಳು ಇನ್ನು ಹೇಗೆ ತಾನೇ ಇರುತ್ತದೆ. ಅವರು ಎಡಗೈಯಿಂದ ಫೋನನ್ನು ಹೆಂಡತಿಯ ಕಡೆ ತಳ್ಳಿ ಸಾರಿಗೆ ಕೈ ಹಾಕಿದರು.

ಪರದೆಯ ಮೇಲೆ 'ಮಾಯಸಂದ್ರ ಮನೆತನ ಹೊಸದು' ಎಂಬ ಗುಂಪಿತ್ತು. ಮನೆತನದವರೆಲ್ಲ ಅಲ್ಲಿದ್ದರು, ಒಬ್ಬರನ್ನು ಬಿಟ್ಟು. ಶುಬೋದಯಗಳು ರಾಶಿ ಬಿದ್ದಿದ್ದವು. ಸ್ಕೇಲು ಹಿಡಿದ ಹೆಂಗಸಿನ ಚಿತ್ರವೊಂದಕ್ಕೆ ಎಲ್ಲರೂ ನಗುವ ಮುಖ ಅಂಟಿಸಿದ್ದರು. ಅದನ್ನು ಅವರು ಸಹಿಸಿಕೊಂಡರು. ಆದರೆ ಅದರ ಕೆಳಗೆ ಯೋಗೀಶನ ತಂಗಿ ಲಿಖಿತಾಳ ನಿಶ್ಚಿತಾರ್ಥದ ಆಮಂತ್ರಣವಿತ್ತು. ದಬ್ಬೇಘಟ್ಟದ ಹುಡುಗ, ಬರುವ ಗುರುವಾರ, ಮಾಯಸಂದ್ರದ ಮನೆಯಲ್ಲಿ. ಹೆಣ್ಣಿನ ಸೋದರತ್ತೆಗೆ ಇದು ಗೊತ್ತೇ ಇರಲಿಲ್ಲ.

"ನನಗ್ಯಾಕೆ ಹೇಳ್ಲಿಲ್ಲ?"

"ಶಿವ ಹೇಳಿರ್ತಾನೆ ಅನ್ಕಂಡೆ. ಅವನು ನಾನು ಹೇಳಿರ್ತೀನಿ ಅನ್ಕಂಡವ್ನೆ."

ಗುರುಶಾಂತಮ್ಮ ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟರು. ತಟ್ಟೆಯಲ್ಲಿದ್ದ ಮುದ್ದೆ ಗಟ್ಟಿಯಾಯಿತು. ಆ ಹುಡುಗಿಗೆ ಅಕ್ಷರ ತೀಡಿಸಿದ್ದು ಅವರೇ, ತಮ್ಮ ತೊಡೆಯ ಮೇಲೆ ಕೂರಿಸಿಕೊಂಡು, ಸ್ಕೇಲು ದೂರ ಇಟ್ಟು. ಕಣ್ಣು ಒರೆಸಿಕೊಳ್ಳಲು ಸೆರಗು ಎತ್ತಿದವರು, ಆಮಂತ್ರಣದ ಕೊನೆಯ ಸಾಲು ಓದಿ ಅಲ್ಲೇ ನಿಂತರು. "ತಾವೆಲ್ಲರೂ ಆಗಮಿಸಿ ವಧೂವರರನ್ನು ಅರಸಬೇಕಾಗಿ ವಿನಂತಿ. ಎಲ್ಲರಿಗೂ ಆರ್ಥಿಕ ಸ್ವಾಗತ."

"ಹರಸೋಕೆ ಕರೀರೋ ಅಂದ್ರೆ ಹುಡುಕೋಕೆ ಕರೆದವ್ರೆ. ಗಂಡಿನ ಕಡೆಯೋರು ಬಂದು ಯಾರನ್ನ ಹುಡುಕ್ಬೇಕಂತೆ? ಸ್ವಾಗತ ಬೇರೆ ಆರ್ಥಿಕ. ದುಡ್ಡು ಇಸ್ಕಂಡು ಒಳಗೆ ಬುಡ್ತಾರಾ?"

ಕೈ ತೊಳೆದು, ಗುಂಡಿ ಫೋನಿನಲ್ಲಿ ಇಡೀ ಆಮಂತ್ರಣವನ್ನು ಹೊಸದಾಗಿ ಬರೆದರು. ಅದನ್ನು ಹಾಲಸ್ವಾಮಿಯವರ ಫೋನಿಗೆ ಕಳಿಸಿ, ಅಲ್ಲಿಂದ ಹೊಸ ಗುಂಪಿಗೆ ಹಾಕಿಸಿದರು. ಆ ಗುಂಪಿನಲ್ಲಿ ಒಂದಕ್ಷರವನ್ನೂ ಬರೆಯದಿದ್ದ ಹಾಲಸ್ವಾಮಿ ಇದ್ದಕ್ಕಿದ್ದಂತೆ ಅಲ್ಪವಿರಾಮ, ಅರ್ಧವಿರಾಮ ಸಮೇತ ಪ್ರತ್ಯಕ್ಷರಾದದ್ದು ಕಂಡು ಮನೆತನ ಉಸಿರು ಬಿಗಿಹಿಡಿಯಿತು. ಒಬ್ಬರೂ ಉತ್ತರ ಬರೆಯಲಿಲ್ಲ.

ಸ್ವಲ್ಪ ಹೊತ್ತಿಗೆ ಗುರುಶಾಂತಮ್ಮನವರ ಫೋನು ರಿಂಗಾಯಿತು. ಲಿಖಿತಾ.

"ಅತ್ತೆ, ತಪ್ಪಾಯ್ತು. ಅಪ್ಪ ಹೇಳವ್ರೆ ಅಂತಿದ್ದೆ. ನಾನೇ ಫೋನ್ ಮಾಡ್ಬೇಕಿತ್ತು."

"ಆರ್ಥಿಕ ಅಂತ ಬರೆದಿದ್ದು ಯಾರೇ?"

"ನಮ್ಮಣ್ಣ."

"ನನ್ನ ಸೀರೆ ಕುಚ್ಚು ಕಟ್ಟಿಸ್ಬೇಕು, ನಾಲ್ಕೇ ದಿನ ಐತೆ. ಬುಧವಾರಾನೇ ಬತ್ತೀನಿ. ನಿಮ್ಮಣ್ಣಂಗೆ ಬೋರ್ಡು ಇಳಿಸಕ್ಕೆ ಹೇಳು."

ಲಿಖಿತಾಳ ನಂತರ ಶಿವರಾಜು ಫೋನ್ ಮಾಡಿದ, ಆಮೇಲೆ ಯೋಗೀಶ್, ಆಮೇಲೆ ತೆಂಗಿನಹೂವಿನವನು. ನಿಶ್ಚಿತಾರ್ಥ ಚೆನ್ನಾಗಿ ನಡೆಯಿತು. ತಟ್ಟೆ ಬದಲಾಯಿಸುವಾಗ ಗುರುಶಾಂತಮ್ಮ ಹುಡುಗಿಯ ಪಕ್ಕದಲ್ಲೇ ನಿಂತಿದ್ದರು. ಹೊಸ ಗುಂಪಿಗೆ ಅವರನ್ನು ಮರ್ಯಾದೆಯಿಂದ ಸೇರಿಸಲಾಯಿತು. ಸೇರಿಸಿದ ಗಳಿಗೆಯಿಂದ ಅದೂ ಮೌನವಾಯಿತು.

ಬರೆದರೆ ಸಿಕ್ಕಿಬೀಳುತ್ತೇವೆ, ಮಾತಾಡಿದರೆ ಮಹಾಪ್ರಾಣ ಯಾರೂ ಎಣಿಸುವುದಿಲ್ಲ ಎಂದು ಮನೆತನ ಕಲಿತುಕೊಂಡಿತ್ತು. ಈಗ ಯಾರಿಗೆ ಏನು ತಿಳಿಸಬೇಕಿದ್ದರೂ ನೇರ ಫೋನೇ. ವರ್ಷಗಟ್ಟಲೆ ಚಿತ್ರ ಕಳಿಸಿಯೇ ನೆಂಟಸ್ತಿಕೆ ನಡೆಸಿದವರು ಗಂಟೆಗಟ್ಟಲೆ ಮಾತಾಡುತ್ತಾರೆ. ಮಳೆ, ಕೊಬ್ಬರಿ ಧಾರಣೆ, ಮಂಡಿನೋವು, ಸೊಸೆಯ ಅಡುಗೆ.

"ಬರೆಯೋಕೆ ಅಂತ ಕೊಟ್ಟ ಫೋನು," ಎಂದು ಗುರುಶಾಂತಮ್ಮ ಗೊಣಗುತ್ತಾರೆ. "ಬೆಳಗಿಂದ ಮಾತಾಡಿ ಮಾತಾಡಿ ಕಿವಿ ಬಿಸಿ ಆಗೋಯ್ತು. ಗುಂಡಿ ಒತ್ತಕ್ಕೆ ಪುರುಸೊತ್ತೇ ಇಲ್ಲ ಕಣ್ರೀ."

ಅಷ್ಟರಲ್ಲಿ ಮತ್ತೆ ರಿಂಗಾಗುತ್ತದೆ. ಅವರು ಎತ್ತಿಕೊಂಡು, "ಹೇಳು ಶಿವ" ಎನ್ನುತ್ತ, ಕೂರಲು ಕುರ್ಚಿ ಎಳೆದುಕೊಳ್ಳುತ್ತಾರೆ.