ತವಾಕ್ಕೆ ಬೀಳಲಿದ್ದ ಹಿಂಡಿ

ತವಾ ಕಾದಿತ್ತು. ವಿಜಯಪುರದಿಂದ ನಾನು ತಂದಿದ್ದ ಹಳೆಯ ಹಿತ್ತಾಳೆ ಡಬ್ಬಿಯಿಂದ ಅತ್ತೆ ಒಂದು ಚಮಚ ಕರಿಪುಡಿ ತೆಗೆದರು.

“ಗುರೆಳ್ಳು ಹಿಂಡಿ ಗಂಟುಗಂಟಾಗೇದ, ಸ್ವಲ್ಪ ಬೆಚ್ಚಗ ಮಾಡತೀನಿ.”

ನನ್ನ ಮೂಗಿಗೆ ಬಡಿದದ್ದು ಚಟ್ನಿಪುಡಿಯ ಘಮವಲ್ಲ, ಪಟಾಕಿಯ ವಾಸನೆ. ಥಟ್ಟನೆ ಗ್ಯಾಸ್ ಆರಿಸಿದೆ. ಚಮಚವನ್ನು ಮೆಲ್ಲಗೆ ಕಟ್ಟೆಯ ಮೇಲೆ ಇಡಿಸಿ, ಅತ್ತೆಯನ್ನು ಹೊರಗೆ ಕರೆತಂದು ಊರಿಗೆ ಫೋನ್ ಹಚ್ಚಿದೆ.

“ಅಯ್ಯ ಯವ್ವಾ, ಹಿಂಡಿ ಡಬ್ಬಿ ಇಲ್ಲೇ ಅದ! ನೀ ಒಯ್ದದ್ದು ಅಜ್ಜನ ಬಂದೂಕಿನ ಮದ್ದು!” ಎಂದು ದೊಡ್ಡವ್ವ ಚೀರಿದಳು.

ಪೊಲೀಸರಿಗೆ ತಿಳಿಸಿದೆವು. ಭಾಂಡುಪ್‌ನ ನಮ್ಮ ಬಿಲ್ಡಿಂಗ್ ಪೂರ್ತಿ ಕೆಳಗಿಳಿಯಿತು. ಬಾಂಬ್ ಸ್ಕ್ವಾಡಿನವರು ಬಂದು ಡಬ್ಬಿಯನ್ನು ಒಯ್ದರು.

ಊರಿಂದ ಬರುವಾಗ ಬಸ್ಸಿನಲ್ಲಿ ಇಡೀ ದಾರಿ ಆ ಡಬ್ಬಿ ರೊಟ್ಟಿಯ ಗಂಟಿನೊಳಗೆ ನನ್ನ ಮಡಿಲಲ್ಲಿತ್ತು. ಆ ಗಂಟಿನ ಮೇಲೆಯೇ ತಲೆಯಿಟ್ಟು ನನ್ನ ಮಗಳು ನಿದ್ದೆ ಮಾಡಿದ್ದಳು.