ಟೂರ್ಮಲಿನ್ ಹರಳಿನ ಊರು ಹುಡುಕುತ್ತ

ಬೆಳಿಗ್ಗೆ ಏಳೂವರೆಗೆ ಮೈಸೂರಿನಲ್ಲಿ ಟಿ. ನರಸೀಪುರದ ಬಸ್ಸು ಹತ್ತಿದೆ. ಆಧಾರ್ ತೋರಿಸಿದ್ದಕ್ಕೆ ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟ. ಚೀಲದಲ್ಲಿ ಸುತ್ತಿಗೆ, ಭೂತಗನ್ನಡಿ, ಎರಡು ಚಪಾತಿ, ಸೋಮವಾರ ಒಪ್ಪಿಸಬೇಕಾದ ಪ್ರಬಂಧದ ಕೊನೆಯ ಅಧ್ಯಾಯ. ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುವ ನಾನು ನಲವತ್ತೇಳನೇ ವಯಸ್ಸಿಗೆ ಪಿಎಚ್.ಡಿ. ಮಾಡುವ ಹಟ ಹಿಡಿದಿದ್ದೆ. "ಆ ಅಧ್ಯಾಯ ನಿಂತಿರೋದೇ ಒಂದು ಕಲ್ಲಿನ ಮೇಲೆ. ಅದು ಯಾವ ಬಂಡೆಯಿಂದ ಬಂತೋ ಆ ಬಂಡೆಯ ಫೋಟೋ ತನ್ನಿ, ಸಹಿ ಹಾಕ್ತೀನಿ" ಎಂದಿದ್ದರು ನನ್ನ ಗೈಡ್.

ಆ ಕಲ್ಲಿನ ಚೂರನ್ನು ಎರಡು ವರ್ಷದ ಹಿಂದೆ ನರಸೀಪುರದ ಆಚೆ ಹೆಮ್ಮಿಗೆಯ ಹೊಲವೊಂದರ ಮೂಲೆಯಲ್ಲಿ ಒಡೆದುಕೊಂಡಿದ್ದೆ. ಭೂಮಿಯ ಆಳದಲ್ಲಿ ಕರಗಿದ ಗ್ರಾನೈಟು ಆರುತ್ತಾ ಬಿಡುವ ಬಿಸಿನೀರು ಸುಣ್ಣಕಲ್ಲಿಗೆ ನುಗ್ಗಿದರೆ, ಎರಡೂ ಬೆರೆತು ಹೊಸ ಬಂಡೆಯಾಗುತ್ತದೆ. ಅದನ್ನು ಸ್ಕಾರ್ನ್ ಎನ್ನುತ್ತೇವೆ. ತಾಮ್ರ, ಟಂಗ್‌ಸ್ಟನ್ ಅದಿರು ಕೂರುವುದು ಇಂಥ ಕಡೆ. ನೀರೇನೋ ಎಂದೋ ಹೋಗಿರುತ್ತದೆ. ಅದರಲ್ಲಿ ಏನಿತ್ತು ಎಂಬ ಗುರುತು ಆ ಬಂಡೆಯಲ್ಲಿ ಬೆಳೆಯುವ ಟೂರ್ಮಲಿನ್ ಹರಳಿನಲ್ಲಿ ಉಳಿಯುತ್ತದೆ. ಈ ಹರಳು ಈರುಳ್ಳಿಯ ಹಾಗೆ ಪದರ ಪದರವಾಗಿ ಬೆಳೆಯುತ್ತದೆ. ನನ್ನ ಕಲ್ಲಿನಲ್ಲಿದ್ದ ಹರಳಿನ ನಡುಭಾಗ ಕಂದು, ಮೆಗ್ನೀಸಿಯಂ ಜಾಸ್ತಿ, ಅದು ಸುಣ್ಣಕಲ್ಲಿನ ಪಾಲು. ಅಂಚು ಕಪ್ಪು, ಕಬ್ಬಿಣ ಜಾಸ್ತಿ, ಅದು ಆಮೇಲೆ ಗ್ರಾನೈಟಿನಿಂದ ಬಂದ ನೀರಿನದು. ಇದು ತಿಳಿದ ದಿನ ಖುಷಿಗೆ ಊಟ ಸೇರಲಿಲ್ಲ. ಹೆಮ್ಮಿಗೆಯ ಅಡಿಯಲ್ಲೇ ಸ್ಕಾರ್ನ್ ಇದೆ ಎಂದು ಮೂವತ್ತೆಂಟು ಪುಟ ಬರೆದೆ.

ನರಸೀಪುರದಲ್ಲಿ ಇಡ್ಲಿ ತಿಂದು ಇನ್ನೂರು ರೂಪಾಯಿಗೆ ಹೆಮ್ಮಿಗೆಗೆ ಆಟೋ ಹಿಡಿದೆ. ಹತ್ತು ಗಂಟೆಗೇ ಬಿಸಿಲು ಚುರುಗುಟ್ಟುತ್ತಿತ್ತು. ಒಂದೂವರೆ ತಾಸು ಬದುಗಳ ಮೇಲೆ ಅಲೆದರೂ ಸುಣ್ಣಕಲ್ಲಿನ ಒಂದು ಚೂರೂ ಕಾಣಲಿಲ್ಲ. ನಾನು ಒಡೆದಿದ್ದ ಕಲ್ಲು ಮಾತ್ರ ಇದ್ದಲ್ಲೇ ಇತ್ತು. ಸುತ್ತಿಗೆ ಹಿಡಿದು ಅದರ ಪಕ್ಕ ಕೂತು ನೋಡುತ್ತಿದ್ದಾಗ ಹೊಲದ ಯಜಮಾನರು ಬಂದರು. ಹೆಸರು ಮಹದೇವಪ್ಪ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಕುಡುಗೋಲು.

"ಓ, ಇದ ಒಡೆದೋರು ನೀವೇನಾ?"

ಹೌದೆಂದೆ.

"ಎಂಥ ಕೆಲ್ಸ ಮಾಡ್ಬುಟ್ರಿ ಕಣವ್ವ! ಇದು ನಮ್ಮ ಗಡಿಕಲ್ಲು. ಪಕ್ಕದ ಒಲದ ನಮ್ಮ ದಾಯಾದಿನೇ ಒಡ್ದವ್ನೆ ಅಂತ ಎರಡ್ ವರ್ಸ ಮಾತು ಬುಟ್ಟಿದ್ದೆ."

ಕ್ಷಮೆ ಕೇಳಿ, ಇಂಥ ಕಲ್ಲು ಇಲ್ಲಿ ಬೇರೆಲ್ಲೂ ಇಲ್ಲವಲ್ಲ ಎಂದೆ.

"ಇರಬಾರ್ದು ಅಂತಾನೇ ನೆಟ್ಟಿರದು. ಇಲ್ಲೀದೇ ಕಲ್ಲಾದ್ರೆ ಯಾರಾದ್ರೂ ಕಿತ್ತು, ಅಂಥದ್ದೇ ಇನ್ನೊಂದ ಮುಂದಕ್ಕೆ ನೆಟ್ಬುಡ್ತಾರೆ. ಅದ್ಕೇ ನಮ್ಮ ತಾತ ಈ ಸೀಮೇಲೇ ಇಲ್ದಿರೋ ಕಲ್ಲ ಗಾಡೀಲಿ ಏರ್ಕೊಂಡ್ ಬಂದ್ರು. ನಂಜನಗೂಡು ತಾವ ಬದನವಾಳಿಂದ, ಅದು ನಮ್ಮಜ್ಜಿ ತವರು. ಅವ್ರ ಬಾವಿ ತೋಡುವಾಗ ಸಿಕ್ಕಿದ್ದಂತೆ."

ಇಲ್ಲಿಯದಲ್ಲ ಎಂದು ತಿಳಿಯಲೆಂದೇ ತಂದು ನೆಟ್ಟ ಕಲ್ಲನ್ನು ಇಲ್ಲಿಯದೆಂದು ನಂಬಿದವಳು ನಾನೊಬ್ಬಳೇ ಇರಬೇಕು. ಮಹದೇವಪ್ಪ ದಾಯಾದಿಯನ್ನು ಕೂಗಿ ಕರೆದು, ಅವರೆದುರಿಗೂ ನನ್ನ ಬಾಯಲ್ಲೇ ತಪ್ಪೊಪ್ಪಿಸಿದರು. ಆ ಮನುಷ್ಯ ನನಗೆ ಕೈ ಮುಗಿದು, "ಈಗ್ಲಾದ್ರೂ ಗೊತ್ತಾಯ್ತೇನ್ಲಾ?" ಎಂದು ಮಹದೇವಪ್ಪನವರ ಭುಜಕ್ಕೊಂದು ಗುದ್ದಿದರು.

ನರಸೀಪುರಕ್ಕೆ ವಾಪಸು ಬಂದು ನಂಜನಗೂಡಿನ ಬಸ್ಸು ಹಿಡಿದೆ. ಅಲ್ಲಿ ಇಳಿದು ರಸಬಾಳೆ ಎಂದು ಕೊಟ್ಟ ಹಣ್ಣು ತಿಂದೆ. ನಿಜವಾಗಿ ಯಾವ ಬಾಳೆಯೋ, ಕೇಳುವ ಧೈರ್ಯ ಬರಲಿಲ್ಲ. ಮತ್ತೊಂದು ಬಸ್ಸಿನಲ್ಲಿ ಬದನವಾಳು ಸೇರುವಾಗ ಮೂರು ಗಂಟೆ. ಆ ತವರುಮನೆಯ ಶಿವಮ್ಮನಿಗೆ ಮಹದೇವಪ್ಪ ಫೋನ್ ಮಾಡಿದ್ದರಿಂದ ಆಕೆ ನೀರು ಬೆಲ್ಲ ಹಿಡಿದು ಕಾಯುತ್ತಿದ್ದಳು. ಬಾವಿಯ ಪಕ್ಕದ ಬಟ್ಟೆ ಒಗೆಯುವ ಕಲ್ಲಿನಲ್ಲಿ ಅದೇ ಹರಳು, ಅದೇ ಕಂದು, ಅದೇ ಕಪ್ಪಂಚು. ಈ ಸಲ ಮೊದಲು ಕೇಳಿದೆ, "ಇದನ್ನ ಎಲ್ಲಿಂದ ತಂದಿದ್ದಮ್ಮ?"

"ಇನ್ನೆಲ್ಲಿಂದ? ಈ ಬಾವೀದೇ ಅಲ್ವಾ."

ಬಗ್ಗಿ ನೋಡಿದೆ. ಕಾಲುವೆಯಲ್ಲಿ ನೀರು ಬಿಟ್ಟಿದ್ದರಿಂದ ಬಾವಿ ಅಂಚಿನವರೆಗೆ ತುಂಬಿತ್ತು. ಸುಣ್ಣಕಲ್ಲು, ಗ್ರಾನೈಟು ಎರಡೂ ಸೇರುವ ಜಾಗವೇನಾದರೂ ಇದ್ದರೆ ಅದು ಆ ಹಸಿರು ನೀರಿನ ಅಡಿಯಲ್ಲಿತ್ತು.

"ಬೇಸ್ಗೇಲಿ ಬನ್ನಿ, ತಳ ಕಾಣ್ತದೆ" ಎಂದಳು ಶಿವಮ್ಮ.

ಬೇಸಿಗೆಗೆ ಇನ್ನೂ ನಾಲ್ಕು ತಿಂಗಳು. ಸೋಮವಾರಕ್ಕೆ ಮೂರು ದಿನ. ಹೆಮ್ಮಿಗೆಗೆ ಹೋಗಿ ಪರೀಕ್ಷಿಸುವವರು ಯಾರು, ಗಡಿಕಲ್ಲಿನದೇ ಫೋಟೋ ತೋರಿಸಿ ಒಪ್ಪಿಸಿಬಿಡಲೇ ಎಂಬ ಆಸೆ ನಂಜನಗೂಡು ದಾಟುವವರೆಗೂ ಕಾಡಿತು, ಸುಳ್ಳು ಹೇಳುವುದಿಲ್ಲ. ಮೈಸೂರಿನ ಬಸ್ಸು ತಾಂಡವಪುರದ ಹತ್ತಿರ ಬಂದಾಗ ಗೈಡಿಗೆ ಫೋನ್ ಮಾಡಿದೆ.

"ಫೋಟೋ ಸಿಕ್ತೇನಮ್ಮ?"

"ಇಲ್ಲ ಸರ್. ಅಧ್ಯಾಯ ವಾಪಸ್ ತಗೋತೀನಿ."

ನಡೆದದ್ದನ್ನೆಲ್ಲ ಹೇಳಿದೆ.

"ಹಾಗಾದ್ರೆ ಆ ಮೂವತ್ತೆಂಟು ಪುಟದಲ್ಲಿ ಉಳಿದಿದ್ದೇನು?"

"ಹರಳು ಉಳೀತು ಸರ್. ಊರು ಹೋಯ್ತು."