ಕ್ಯಾರಿಯರ್ ಮೇಲಿನ ಬೆಟ್ಟ

ಓನರ್ ಅಂಕಲ್ ಗೇಟು ದಾಟುವಾಗ ಮೊದಲು ಹೊಟ್ಟೆ ದಾಟುತ್ತಿತ್ತು, ಅವರು ಆಮೇಲೆ. ಬೆಂಗಳೂರಿನ ಚಿಕ್ಕಲಸಂದ್ರದ ಅವರ ಮನೆಯ ಮಹಡಿಯಲ್ಲಿ ನಾನು ಬಾಡಿಗೆಗಿದ್ದೆ. ವಿಜಯಪುರದ ಕಡೆಯವನು, ಏರು ಅಂದರೆ ನಮ್ಮೂರಲ್ಲಿ ರೈಲ್ವೆ ಗೇಟಿನ ದಿಬ್ಬ. ಆಫೀಸಿನವರ ಜೊತೆ ಸೈಕಲ್ಲಿನಲ್ಲಿ ನಂದಿಬೆಟ್ಟಕ್ಕೆ ಹೋಗಿ, ಅರ್ಧದಿಂದ ತಳ್ಳಿಕೊಂಡು ಹತ್ತಿ ನಗೆಪಾಟಲಾಗಿದ್ದೆ. ಮುಂದಿನ ಸಲ ಇಳಿಯದೆ ಹತ್ತಬೇಕೆಂಬ ಹಟ. ಅಭ್ಯಾಸಕ್ಕೆ ಇದ್ದದ್ದು ಬಡಾವಣೆಯ ಸಪಾಟು ರಸ್ತೆ.

"ಫ್ಲೈಓವರ್ ಹತ್ತಿ ಇಳೀಲೇನ್ರಿ ಅಂಕಲ್?" ಎಂದು ಕೇಳಿದೆ.

"ಲಾರಿಗೆ ಸಿಕ್ಕೊಂಡ್ರೆ ನಿಮ್ಮಪ್ಪಂಗೆ ಏನ್ ಹೇಳ್ಲಿ? ಒಂದು ಕ್ಯಾರಿಯರ್ ಹಾಕ್ಸು, ನಾನು ಕೂತ್ಕೋತೀನಿ. ನನ್ನೇ ಬೆಟ್ಟ ಅನ್ಕೋ."

ಹಾಕಿಸಿದೆ. ದಿನಾ ಬೆಳಿಗ್ಗೆ ಆರಕ್ಕೆ ಒಂದು ಕೈಯಲ್ಲಿ ಲುಂಗಿ, ಇನ್ನೊಂದರಲ್ಲಿ ನನ್ನ ಅಂಗಿ ಹಿಡಿದು ಹಿಂದೆ ಕೂರುತ್ತಿದ್ದರು. ಹಾಲಿನಂಗಡಿಯವರು ನಗುತ್ತಿದ್ದರು. ನಾನು ಎದ್ದು ನಿಂತು ತುಳಿಯಹೋದರೆ "ಕುಂಡಿ ಸೀಟು ಬಿಡಬಾರ್ದು" ಎಂದು ಗದರಿಕೆ. "ಇದೆಲ್ಲ ನಮ್ ರಾಗಿ ಹೊಲ ಕಣೋ" ಎನ್ನುತ್ತ ಬದು ಎಲ್ಲಿತ್ತು, ಬಾವಿ ಎಲ್ಲಿತ್ತು ಎಂದು ತೋರಿಸುತ್ತಿದ್ದರು. ನಾನು ಏದುಸಿರಲ್ಲೇ ಹೂಂಗುಡುತ್ತಿದ್ದೆ.

ಮೂರು ತಿಂಗಳಲ್ಲಿ ಗಾಡಿ ಹಗುರವಾಯಿತು. ನನಗೆ ಸೊಕ್ಕು ಬಂತು.

"ಕಾಲಿಗೆ ಬಲ ಬಂತ್ ನೋಡ್ರಿ ಅಂಕಲ್. ನೀವ್ ಕೂತಿದ್ದೇ ಗೊತ್ತಾಗಂಗಿಲ್ಲ."

ಹಿಂದಿನಿಂದ ನನ್ನ ಅಂಗಿಯ ಹಿಡಿತ ಬಿಗಿಯಾಯಿತು. ಆಮೇಲೆ "ತುಳಿ, ತುಳಿ" ಎಂದರು. ಕೊನೆಯ ವಾರ, ಕಾಲಿಗೆ ರೆಸ್ಟ್ ಕೊಡು ಎಂದು ಹೇಳಿ ಬರುವುದನ್ನು ಅವರೇ ನಿಲ್ಲಿಸಿದರು.

ಬೆಟ್ಟದಲ್ಲಿ, ಹೋದ ಸಲ ಇಳಿದ ತಿರುವಿನಲ್ಲೇ ಮತ್ತೆ ಇಳಿದೆ. ಸೈಕಲ್ ತಳ್ಳುತ್ತಿದ್ದಾಗ ಹೊಳೆಯಿತು: ನನ್ನ ಕಾಲು ಇದ್ದ ಹಾಗೇ ಇತ್ತು, ಕರಗುತ್ತಿದ್ದವರು ಅವರು. ಇನ್ನೊಂದು ಸುತ್ತು ಬಿಗಿದುಕೊಂಡ ಲುಂಗಿ, ಭುಜದಿಂದ ಜಾರುವ ಅಂಗಿ, ಎಲ್ಲವನ್ನೂ ದಿನವೂ ಕಂಡಿದ್ದೆ. ಸ್ಲಿಮ್ ಆಗಿಬಿಟ್ಟಿರಿ ಎಂದು ರೇಗಿಸಿಯೂ ಇದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಸಂಜೆ ಮನೆಗೆ ಬಂದಾಗ ಅವರು ಮಂಚದ ಮೇಲೆ ಮಲಗಿದ್ದರು. ಕ್ಯಾನ್ಸರ್, ಡಾಕ್ಟರು ಹೇಳಿ ಎರಡು ತಿಂಗಳಾಯಿತು ಎಂದು ಆಂಟಿ ನನಗೆ ಅಂದೇ ಹೇಳಿದ್ದು. ಅಂಕಲ್ ಕಣ್ಣು ತೆರೆದರು.

"ಹತ್ತಿದ್ಯಾ?"

"ಹತ್ತಿದೆ ಅಂಕಲ್. ಎಲ್ಲೂ ಇಳೀಲಿಲ್ಲ."

"ಸರಿ ಬಿಡು. ನನ್ ಕೆಲ್ಸ ಆಯ್ತು."

ತಿಂಗಳು ತುಂಬುವುದರೊಳಗೆ ಹೋಗಿಬಿಟ್ಟರು.

ಈಗಲೂ ಆ ರಸ್ತೆಯಲ್ಲಿ ತುಳಿಯುವಾಗ ಬೆನ್ನ ಹಿಂದೆ ಯಾರೋ ಅಂಗಿ ಜಗ್ಗಿದಂತಾಗುತ್ತದೆ. ತಿರುಗಿ ನೋಡುವ ಧೈರ್ಯ ನನಗಿಲ್ಲ. ಹತ್ತಲಾಗಲಿಲ್ಲ ಎಂದು ನಿಜ ಹೇಳಿದ್ದರೆ "ನಾಳೆ ಗಾಡಿ ತೆಗಿ" ಎನ್ನುತ್ತಿದ್ದರು. ಎದ್ದು ಬರಲು ಆಗುತ್ತಿತ್ತೋ ಇಲ್ಲವೋ, ನಾಳೆ ಎನ್ನುತ್ತಿದ್ದರು. ಆ ಒಂದು ನಾಳೆ ಅವರಿಗೆ ನನ್ನಿಂದ ತಪ್ಪಿತು.